ಕೆಪ್ಲರ್ ಮತ್ತು ಗುರು-ಶನಿಯರ ಯುತಿ

ಗ್ರಹಚಲನೆಯ ನಿಯಮಗಳಿಂದ ಖ್ಯಾತನಾದ ಜೊಹಾನೆಸ್ ಕೆಪ್ಲರ್ (1571–1630) ಜ್ಯೋತಿಷಿಯೂ ಆಗಿದ್ದನೆಂಬುದು ಸಂಕೋಚದಿಂದ ಹೇಳಬೇಕಾದ ಸಂಗತಿಯಲ್ಲ. ಗ್ರಾಟ್ಸ್ ನಗರದಲ್ಲಿ ಗಣಿತದ ಉಪಾಧ್ಯಾಯನಾಗಿದ್ದಾಗ ವಾರ್ಷಿಕ ಪಂಚಾಂಗವನ್ನು ರಚಿಸುವುದು ಅವನ ಹುದ್ದೆಯ ಕರ್ತವ್ಯವಾಗಿತ್ತು. 1595ರ ಪಂಚಾಂಗದಲ್ಲಿ ಸೂಚಿಸಿದ್ದ ಕಡುಚಳಿಯೂ ತುರ್ಕರ ದಾಳಿಯೂ ನಿಜವಾದುದರಿಂದ ಅವನಿಗೆ ಹೆಸರು ಬಂದಿತು. ಅದೇ ವರ್ಷದ ಜುಲೈನಲ್ಲಿ, ಸುಮಾರು 20 ವರ್ಷಗಳಿಗೊಮ್ಮೆ ಸಂಭವಿಸುವ ಗುರು-ಶನಿಯರ ಯುತಿಸ್ಥಾನಗಳನ್ನು ರಾಶಿಚಕ್ರದಲ್ಲಿ ಗೆರೆಗಳಿಂದ ಜೋಡಿಸಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದಾಗ, ನಡುವೆ ಮೂಡಿದ ಒಳವೃತ್ತವು ಗ್ರಹಕಕ್ಷೆಗಳ ಅಂತರಕ್ಕೆ ರೇಖಾಗಣಿತದ ಕಾರಣವಿರಬೇಕೆಂಬ ಆಲೋಚನೆಯನ್ನು ಅವನಲ್ಲಿ ಹುಟ್ಟಿಸಿತು. ಅವನ ಮೊದಲ ಖಗೋಳಗ್ರಂಥದ ಬೀಜ ಹೀಗೆ ಜ್ಯೋತಿಷದ ಚಿತ್ರವೊಂದರಲ್ಲಿದೆ.

1601ರಲ್ಲಿ ಅವನು ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಗಣಿತಜ್ಞನಾದನು. 1603ರ ಗುರು-ಶನಿ ಯುತಿಯ ತರುವಾಯ, 1604ರ ಅಕ್ಟೋಬರಿನಲ್ಲಿ ಕುಜನೂ ಅಲ್ಲಿಗೆ ಬಂದಾಗ, ಆ ಗ್ರಹಗಳ ಸಮೀಪದಲ್ಲಿಯೇ ಹೊಸ ತಾರೆಯೊಂದು ಕಾಣಿಸಿತು. ಜನರು ತುರ್ಕರ ಪತನವನ್ನು, ಲೋಕಾಂತ್ಯವನ್ನು ಊಹಿಸಿದರು. ಕೆಪ್ಲರನು ಅದು ಸ್ಥಿರ ನಕ್ಷತ್ರಗಳಷ್ಟು ದೂರದಲ್ಲಿದೆಯೆಂದು ಸಾಧಿಸಿದನು. ರಾಶಿಗಳ ಫಲವನ್ನು ಅವನು ತಿರಸ್ಕರಿಸಿದರೂ ಗ್ರಹಗಳ ಪರಸ್ಪರ ದೃಷ್ಟಿಯ ಪ್ರಭಾವದಲ್ಲಿ ನಂಬಿಕೆಯನ್ನು ಬಿಡಲಿಲ್ಲ. ಆದರೆ 1611ರಲ್ಲಿ ರುಡಾಲ್ಫನ ಅಧಿಕಾರ ಕುಸಿಯುತ್ತಿದ್ದಾಗ, ಜ್ಯೋತಿಷವನ್ನು ಚಕ್ರವರ್ತಿಯಿಂದ ದೂರವಿಡಬೇಕೆಂದು ಪತ್ರ ಬರೆದವನೂ ಅವನೇ.

ಬಾಕಿ ಹಣದ ವಸೂಲಿಗೆಂದು ರೇಗನ್ಸ್‌ಬರ್ಗ್‌ಗೆ ಹೋದ ಕೆಪ್ಲರ್ 1630ರ ನವೆಂಬರ್ 15ರಂದು ಅಲ್ಲಿಯೇ ತೀರಿಕೊಂಡನು.