ಮುಕ್ತಿಸದನದ ತಾಯಿ ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಆದರೆ ಆಕೆಯನ್ನು ಮಹಾರಾಷ್ಟ್ರದವರೆಂದೇ ಎಣಿಸಿ, ಕನ್ನಡನಾಡಿಗೂ ಆಕೆಗೂ ಇದ್ದ ಸಂಬಂಧವನ್ನು ಮರೆಯುವುದು ವಾಡಿಕೆಯಾಗಿಹೋಗಿದೆ. ರಮಾಬಾಯಿಯವರು ಜನಿಸಿದುದು 1858ನೆಯ ಇಸವಿ ಏಪ್ರಿಲ್ 23ರಂದು, ನಮ್ಮ ಪಡುವಣ ಮಲೆಯ ಗಂಗಾಮೂಲದ ಅಡವಿಯಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಸೀಮೆಯ ಮಾಳ ಹೇರಂಬಿ. ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಅವರು ಶಾಸ್ತ್ರಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿದರು. ಹೀಗೆ ಕಲಿತ ತಾಯಿಯೇ ಮುಂದೆ ಮಗಳಿಗೆ ಗುರುವಾದಳು.

ಶಾಸ್ತ್ರಿಗಳ ಕೈಯಲ್ಲಿದ್ದ ಹಣವೆಲ್ಲ ದಾನಧರ್ಮಗಳಲ್ಲಿ ಕರಗಿತು. ಬಳಿಕ ಸಂಸಾರವು ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ನಡೆಯಿತು. 1874ರಿಂದೀಚೆಗೆ ದಕ್ಷಿಣದಲ್ಲಿ ಬಿದ್ದ ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ. ಬೇಡುವುದಕ್ಕೆ ಮನಸ್ಸಿಲ್ಲ, ದುಡಿಯುವುದಕ್ಕೆ ಕಸಬು ಕಲಿತಿಲ್ಲ. ಉತ್ತರದೇಶದ ಚಳಿಯಲ್ಲಿ ಹೊದಿಕೆಯಿಲ್ಲದೆ ಹೊಳೆಯ ದಂಡೆಯಲ್ಲಿ ಗುಂಡಿ ತೋಡಿ, ಮೈಮೇಲೆ ಮರಳನ್ನೆಳೆದುಕೊಂಡು ಅಣ್ಣತಂಗಿಯರು ರಾತ್ರಿ ಕಳೆದುದುಂಟು. ಇಪ್ಪತ್ತು ವರ್ಷಗಳ ಮೇಲೆ ಬೇರೊಂದು ಕ್ಷಾಮದ ಸುದ್ದಿ ಕಿವಿಗೆ ಬಿದ್ದಾಗ ಈ ಹೆಂಗಸು ಯಾರ ಅಪ್ಪಣೆಗೂ ಕಾಯದೆ ಏಕೆ ಎದ್ದು ಹೊರಟಳೆಂಬುದು ಇದನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಲ್ಲ.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಅಣ್ಣನು 1880ರಲ್ಲಿ ಮೃತನಾದನು. ಅದೇ ವರ್ಷ ಆಕೆಯು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. 1881ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. ಮರುವರ್ಷವೇ ಗಂಡನನ್ನು ವಾಂತಿಭೇದಿಯು ಒಯ್ದಿತು. ಎಳೆಗೂಸಿನೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಸೆಪ್ಟೆಂಬರ್ 29ರಂದು, ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ದೇಶದಲ್ಲಿ ಕೋಲಾಹಲವೆದ್ದಿತು.

ಆ ಕೋಲಾಹಲದ ಗದ್ದಲದಲ್ಲಿ ನಮ್ಮವರ ಗಮನಕ್ಕೆ ಬಾರದೆ ಹೋದ ಸಂಗತಿಯೊಂದಿದೆ. ರಮಾಬಾಯಿಯವರು ಮತವನ್ನು ಬದಲಿಸಿದರೇ ಹೊರತು ಬುದ್ಧಿಯನ್ನು ಅಡವಿಡಲಿಲ್ಲ. ಚೆಲ್ಟನ್‌ಹ್ಯಾಮಿನ ಕಾಲೇಜಿನಲ್ಲಿಯೂ ಆಮೇಲೆ ಅಮೇರಿಕದಲ್ಲಿಯೂ ಆಕೆಯು ಇದ್ದ ಕಾಲದಲ್ಲಿ ಮನೋರಮೆಯು ಬಹಳ ದಿವಸ ವಾಂಟೇಜಿನವರ ಕೈಯಲ್ಲಿ ಬೆಳೆದಳು. ಸಿಸ್ಟರ್ ಜೆರಾಲ್ಡೀನ್ ಎಂಬವರು ಆ ಮಗುವನ್ನು ಅಕ್ಕರೆಯಿಂದಲೇ ನೋಡಿಕೊಂಡರು, ಅದರಲ್ಲಿ ಸಂದೇಹವಿಲ್ಲ. ಆದರೆ ತಮ್ಮ ಸಭೆಯ ಸಿದ್ಧಾಂತಗಳನ್ನೆಲ್ಲ ಮಗುವಿಗೆ ಕಲಿಸುವುದು ತಮ್ಮ ಕರ್ತವ್ಯವೆಂದು ಅವರು ಎಣಿಸಿದರು. ತಾಯಿಯು ಒಪ್ಪಲಿಲ್ಲ. ತನ್ನ ವಿವೇಚನೆಯೇ ಇನ್ನೂ ಅಂಗೀಕರಿಸದ ತತ್ತ್ವಗಳನ್ನು ಎಳೆಯ ಮನಸ್ಸಿನಲ್ಲಿ ನೆಡಬಾರದೆಂದೂ, ಮಗಳು ತನ್ನ ದೇಶದ ಜನರಿಗೆ ಪರಕೀಯಳಾಗಿ ಬೆಳೆಯಬಾರದೆಂದೂ ಹಟ ಹಿಡಿದರು. ಈ ವಿಷಯವಾಗಿ ಅವರಿಬ್ಬರ ನಡುವೆ ಬಹುಕಾಲ ಕಾಗದಗಳ ಯುದ್ಧವೇ ನಡೆಯಿತು. ಅನ್ನವಿಕ್ಕಿ ಸಾಕಿದವರಿಗೆ ಮಗುವಿನ ಆತ್ಮದ ಮೇಲೆ ಹಕ್ಕುಂಟೇ ಎಂಬ ಪ್ರಶ್ನೆಯನ್ನು ಅಂದು ಎತ್ತಿದವರು ರಮಾಬಾಯಿಯವರೇ. ಕಡೆಗೆ ಮಗಳನ್ನು ಸ್ವದೇಶಕ್ಕೇ ತರಿಸಿಕೊಂಡರು.

ಅಮೇರಿಕದಲ್ಲಿ ಕೂಡಿದ ಸಂಘದ ಸಹಾಯದಿಂದ 1889ನೆಯ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾಸದನವು ತೆರೆಯಿತು. ಮರುವರ್ಷ ಪುಣೆಗೆ ಸಾಗಿತು. ಬಾಲವಿಧವೆಯರಿಗೆ ವಿದ್ಯೆ ಕೊಡುವ ಆ ಮನೆಯಲ್ಲಿ ಮತಬೋಧನೆಯು ಕೂಡದೆಂಬ ಕರಾರಿದ್ದಿತು. ರಾನಡೆ, ಭಾಂಡಾರಕರರಂಥವರು ಸಲಹೆಗಾರರಾಗಿದ್ದರು. ಕರ್ವೆಯವರು 1893ರಲ್ಲಿ ಮದುವೆಯಾದ ಗೋದೂಬಾಯಿಯು ಈ ಸದನದ ಮೊದಲ ವಿಧವಾ ವಿದ್ಯಾರ್ಥಿನಿ. ಆದರೆ ಪಂಡಿತೆಯು ತನ್ನ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಬಂದು ಕೂರುತ್ತಿದ್ದರು. ಕೇಸರಿಯು ಕಟುವಾಗಿ ಬರೆಯಿತು. 1893ರಲ್ಲಿ ಸಲಹೆಗಾರರು ಸಂಬಂಧವನ್ನು ಕಡಿದುಕೊಂಡರು, ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ನಮ್ಮ ಅಭಿಪ್ರಾಯದಲ್ಲಿ ಆ ಆಕ್ಷೇಪಣೆಯು ಪೂರ್ತಿ ಅನ್ಯಾಯವಾದುದಲ್ಲ. ನಂಬಿ ಒಪ್ಪಿಸಿದ ತಂದೆತಾಯಿಗಳಿದ್ದರು, ಕರಾರೂ ಇದ್ದಿತು. ಬಾಗಿಲನ್ನು ಮುಚ್ಚಿಕೊಳ್ಳುವುದು ಕಷ್ಟದ ಕೆಲಸವೇನಾಗಿರಲಿಲ್ಲ.

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವು ಬಿದ್ದಾಗ ಸಂಗತಿಯು ಬೇರೆಯಾಯಿತು. ಅನಾಥ ಬಾಲಿಕೆಯರನ್ನು ಕೂಳಿನ ಆಸೆ ತೋರಿಸಿ ದುಷ್ಟರು ಒಯ್ಯುತ್ತಿದ್ದರು. ರಮಾಬಾಯಿಯವರು ತಾವೇ ಅಲ್ಲಿಗೆ ಹೋಗಿ, ಅಸ್ಥಿಪಂಜರಗಳಂತಿದ್ದ ಬಾಲಿಕೆಯರನ್ನೂ ತರುಣಿಯರನ್ನೂ ತಂಡತಂಡವಾಗಿ ಕರೆತಂದರು. ಅವರ ಸಂಖ್ಯೆಯು ಮುನ್ನೂರರಷ್ಟಾಯಿತು. ಪುಣೆಯಲ್ಲಿ ಪ್ಲೇಗಿನ ಹಾವಳಿ. ಅಷ್ಟು ಜನರನ್ನು ಅಲ್ಲಿಡುವುದಕ್ಕೆ ಅಧಿಕಾರಿಗಳು ಒಪ್ಪಲಿಲ್ಲ. ಮೊದಲೇ ಕೊಂಡಿದ್ದ ಕೇಡಗಾಂವಿನ ಬಯಲಿಗೆ, ಪುಣೆಯಿಂದ 30 ಮೈಲಿಗೆ ಮೇಲ್ಪಟ್ಟ ದೂರಕ್ಕೆ, ಸಂಸಾರವು ಹೊರಟಿತು. ಆ ನೆಲೆಗೆ ಮುಕ್ತಿ ಎಂದು ಹೆಸರಾಯಿತು. 1900ರ ಗುಜರಾತಿನ ಕ್ಷಾಮವಾದ ಮೇಲೆ ಅಲ್ಲಿ ಉಣ್ಣುವವರ ಸಂಖ್ಯೆಯು 2,000ದ ಹತ್ತಿರಕ್ಕೆ ಬಂದಿತು.

ಇಷ್ಟು ದೊಡ್ಡ ಸಂಸಾರವನ್ನು ನಡೆಯಿಸಿದ ಬಗೆಯು ಗೃಹಸ್ಥರೆಲ್ಲರೂ ತಿಳಿಯಬೇಕಾದುದು. ಬೇರೆ ಪ್ರಾಂತದಿಂದ ಬಂದ ಮಕ್ಕಳಿಗೆ ಸುತ್ತಲಿನ ಮರಾಠಿಯೇ ಪರಭಾಷೆ. ಹಸಿವಿನಿಂದ ಸ್ವಭಾವವೇ ಕೆಟ್ಟು, ತಿಂದಷ್ಟೂ ಸಾಲದೆಂದು ಕದಿಯುವವರು, ಕಚ್ಚುವವರು, ರೋಗದವರು ಅವರಲ್ಲಿದ್ದರು. ಅವರನ್ನು ಸಣ್ಣ ಸಣ್ಣ ಗುಂಪುಗಳಾಗಿ ಮಾಡಿ ಒಂದೊಂದಕ್ಕೆ ಒಬ್ಬ ಹಿರಿಯಳನ್ನು ತಾಯಿಯ ಸ್ಥಾನದಲ್ಲಿರಿಸಿದರು. ಬಾವಿಗಳನ್ನು ತೋಡಿಸಿದರು, ಬೇಸಾಯ, ನೇಯ್ಗೆ, ಎಣ್ಣೆಗಾಣ, ಮುದ್ರಣಾಲಯಗಳಲ್ಲಿ ಹುಡುಗಿಯರೇ ಕೆಲಸಗಾರರು. ದಾರಿ ತಪ್ಪಿದವರೆಂದು ಲೋಕವು ನೂಕಿದ ಹೆಂಗಸರಿಗೆ ಕೃಪಾಸದನವೆಂಬ ಬೇರೊಂದು ಮನೆಯಿದ್ದಿತು; ಕುರುಡಿಯರಿಗೆ ಓದು ಕಲಿಸುವ ಏರ್ಪಾಡಿದ್ದಿತು. ಮಾಂಸಾಹಾರವಿಲ್ಲ, ಪರದೇಶದ ಉಡುಪಿಲ್ಲ. ಇಂಗ್ಲೆಂಡಿನಲ್ಲಿದ್ದಾಗಲೂ ಶಾಕಾಹಾರವನ್ನು ಬಿಡದ ಶಾಸ್ತ್ರಿಗಳ ಮಗಳು ಕೇಡಗಾಂವಿಯ ಅಡಿಗೆಮನೆಯಲ್ಲಿ ಅದನ್ನು ಬಿಡುವರೇ! ಪರದೇಶಗಳಿಂದ ಹಣವು ಬರುತ್ತಿತ್ತು, ಅಮೇರಿಕದ ಮಿನ್ನೀ ಅಬ್ರಾಮ್ಸ್ ಮೊದಲಾದ ಸಹಾಯಕಿಯರೂ ಬಂದರು. ಆದರೆ ಸದನದ ಒಡೆತನವನ್ನು ಯಾವ ಮಿಶನ್ನಿಗೂ ಒಪ್ಪಿಸಲಿಲ್ಲ.

ಈ ಮಕ್ಕಳೆಲ್ಲ ಕ್ರೈಸ್ತರಾಗಿ ಬೆಳೆದರು. ಇಲ್ಲಿ ಕರಾರಿಲ್ಲ, ಬಿಡಿಸಿಕೊಂಡು ಹೋಗಲು ತಂದೆತಾಯಿಗಳಿಲ್ಲ. ವಾಂಟೇಜಿನಲ್ಲಿ ತನ್ನ ಒಬ್ಬಳೇ ಮಗಳಿಗಾಗಿ ಕೇಳಿದ ಸ್ವಾತಂತ್ರ್ಯವನ್ನು ಈ ತಾಯಿಯು ಕೇಡಗಾಂವಿಯಲ್ಲಿ ಎರಡು ಸಾವಿರ ಹೆಣ್ಣುಮಕ್ಕಳಿಗೆ ಕೊಟ್ಟರೇ? ಪೂರ್ತಿ ಕೊಟ್ಟರೆಂದು ಹೇಳಲಾರೆವು. 1905ರಲ್ಲಿ ಅಲ್ಲಿ ಹಬ್ಬಿದ ಭಕ್ತಿಯ ಆವೇಶದ ದಿನಗಳಲ್ಲಿ, ಹಗಲಿರುಳು ಪ್ರಾರ್ಥನೆಯು ನಡೆಯುತ್ತಿದ್ದಾಗ, ಒಂದು ಮಗು ತಾನು ಬೇರೆಯೆಂದು ದೂರ ನಿಲ್ಲುವುದು ಸಾಧ್ಯವಿದ್ದೀತೇ? ಆದರೆ ಈ ಪ್ರಶ್ನೆಯನ್ನು ಕೇಳುವ ನಾವು ಇನ್ನೊಂದನ್ನೂ ಕೇಳಿಕೊಳ್ಳಬೇಕು. ಆ ಹುಡುಗಿಯರು ರಸ್ತೆಯ ಬದಿಯಲ್ಲಿ ಬಿದ್ದಿದ್ದಾಗ ಅವರ ಧರ್ಮದ ಚಿಂತೆಯು ಧರ್ಮಾಭಿಮಾನಿಗಳಲ್ಲಿ ಎಷ್ಟು ಮಂದಿಗಿದ್ದಿತು? ಪತ್ರಿಕೆಗಳಲ್ಲಿ ಬರೆದವರು ಬಹಳ. ಬಂಡಿ ಕಟ್ಟಿಕೊಂಡು ಹೋದವರು ಸ್ವಲ್ಪ. ರಮಾಬಾಯಿಯವರಿಗೆ ಕ್ರೈಸ್ತಮತವೆಂಬುದು ಮಕ್ಕಳಿಗೆ ವಿಧಿಸುವ ಸುಂಕವಾಗಿರಲಿಲ್ಲ. ತನಗೆ ದೊರೆತ ಅತ್ಯುತ್ತಮ ವಸ್ತುವೆಂದೇ ಆಕೆಯು ಅದನ್ನು ಹಂಚಿದರು. ಜೆರಾಲ್ಡೀನರೂ ಹಾಗೆಯೇ ಎಣಿಸಿದ್ದರು.

ಮನೋರಮೆಯು ಅಮೇರಿಕದಲ್ಲಿ ವ್ಯಾಸಂಗ ಮಾಡಿ ಬಂದು ತಾಯಿಯ ಬಲಗೈಯಾದಳು. ಒಬ್ಬಳೇ ಮಗಳೆಂದು ಆಕೆಗೆ ಬೇರೆ ಮನೆಯಾಗಲಿ ಬೇರೆ ಐಶ್ವರ್ಯವಾಗಲಿ ದೊರೆಯಲಿಲ್ಲ. ತಾಯಿಯನ್ನು ಸಾವಿರಾರು ಮಂದಿಯೊಡನೆ ಹಂಚಿಕೊಂಡೇ ಬಾಳಿದಳು. ಆಕೆಯ ಮನಸ್ಸಿನಲ್ಲಿ ಏನಿದ್ದಿತೋ! 1912-13ರ ಸುಮಾರಿಗೆ ತಾಯಿ ಮಗಳು ಸೇರಿ ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲಬರ್ಗದಲ್ಲಿ ಬಾಲಿಕೆಯರ ಪಾಠಶಾಲೆಯೊಂದನ್ನು ತೆರೆದರು. ಗಂಗಾಮೂಲವನ್ನು ಬಿಟ್ಟು ಹೋದ ಮಗು ಕನ್ನಡಿಗರ ಮಕ್ಕಳಿಗಾಗಿ ಮಾಡಿದ ಕೆಲಸವಿದು. ಬಾಲ್ಯದಲ್ಲಿ ಕಲಿತ ಕನ್ನಡವು ಆಕೆಗೆ ಬರುತ್ತಿತ್ತು.

ಕಡೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲ್ಲನ್ನು ಸುಲಭವಾದ ಮರಾಠಿಗೆ ಪರಿವರ್ತಿಸುವುದರಲ್ಲಿ ತೊಡಗಿದ್ದರು. ತಮ್ಮ ಅನಂತರ ಸದನದ ಭಾರವನ್ನು ಮಗಳು ಹೊರುವಳೆಂಬ ನೆಚ್ಚಿಕೆಯಿದ್ದಿತು. 1921ರ ಜುಲೈಯಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಮನೋರಮೆಯು ತೀರಿಕೊಂಡಳು. ತಾಯಿಯು ಭಾಷಾಂತರವನ್ನು ಮುಗಿಸಿ 1922ನೆಯ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಕೇಡಗಾಂವಿಯ ಮನೆಯ ಬೀಗದ ಕೈಯು ಪರದೇಶದಿಂದ ಬಂದ ಮಹಿಳೆಯೊಬ್ಬರ ಕೈಸೇರಿತು.