ಎಮಿಲ್ ಕ್ರೇಪೆಲಿನ್

ಮನೋರೋಗಗಳ ವೈದ್ಯದಲ್ಲಿ ಪ್ರಸಿದ್ಧನಾದ ಎಮಿಲ್ ಕ್ರೇಪೆಲಿನನು 1856ರ ಫೆಬ್ರವರಿ 15ರಂದು ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬ ಊರಿನಲ್ಲಿ ಜನಿಸಿದನು. ಸಸ್ಯ ಮತ್ತು ಪ್ರಾಣಿಶಾಸ್ತ್ರಗಳಲ್ಲಿ ಪರಿಶ್ರಮವಿದ್ದ ಅಣ್ಣ ಕಾರ್ಲನು ಅವನಿಗೆ ವಿಜ್ಞಾನದ ರುಚಿ ಹತ್ತಿಸಿದನು. ವೈದ್ಯಶಾಸ್ತ್ರವನ್ನು ಕಲಿತ ಕ್ರೇಪೆಲಿನನು ಮನೋರೋಗಿಗಳ ಸೇವೆಯನ್ನೇ ಆರಿಸಿಕೊಂಡನು.

1886ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಅವನು ಡೋರ್ಪಾಟಿನಲ್ಲಿ ಪ್ರಾಧ್ಯಾಪಕನಾದನು. ಆ ಊರು ಇಂದು ಎಸ್ಟೋನಿಯ ದೇಶದಲ್ಲಿದೆ. ಅಲ್ಲಿಯ ರೋಗಿಗಳ ಭಾಷೆ ಅವನಿಗೆ ಬಾರದು. ಮಾತಿಗೆಲ್ಲ ದುಭಾಷಿಯೇ ಬೇಕು. ಪರಭಾಷೆಯ ನಗರದಲ್ಲಿ ಬಾಳುತ್ತಿರುವ ನಮಗೆ ಆ ಕಷ್ಟವನ್ನು ವಿವರಿಸಬೇಕಾಗಿಲ್ಲ. 1891ರಲ್ಲಿ ಹೈಡಲ್‌ಬರ್ಗಿಗೆ ಬಂದ ಮೇಲೆ ಒಬ್ಬೊಬ್ಬ ರೋಗಿಯ ವಿವರವನ್ನೂ ಒಂದೊಂದು ಚೀಟಿಯಲ್ಲಿ ಬರೆದಿಟ್ಟು, ವರ್ಷಗಳ ಬಳಿಕ ಅವರ ಗತಿ ಏನಾಯಿತೆಂದು ವಿಚಾರಿಸುತ್ತಿದ್ದನು. ಈ ತಾಳ್ಮೆಯ ಫಲವಾಗಿ 1899ರಲ್ಲಿ ಎರಡು ರೋಗಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದನು. ಒಂದು, ಇಂದು ಸ್ಕಿಜೋಫ್ರೇನಿಯ ಎನಿಸಿಕೊಂಡಿರುವ ಛಿದ್ರಮನಸ್ಕತೆ. ಇನ್ನೊಂದು, ಮೇರೆಮೀರಿದ ಉತ್ಸಾಹವೂ ತೀರದ ದುಃಖವೂ ಬಂದುಹೋಗುವ ಉನ್ಮಾದ-ಖಿನ್ನತೆ. 1904ರಲ್ಲಿ ಜಾವಾ ದ್ವೀಪಕ್ಕೆ ಹೋಗಿ, ಛಿದ್ರಮನಸ್ಕತೆಯು ಅಲ್ಲಿಯೂ ಉಂಟೆಂದು ಕಂಡನು.

ಈ ರೋಗಗಳು ವಂಶದಲ್ಲಿ ಹರಿದುಬರುವುವೆಂದು ಅವನು ನಂಬಿದ್ದನು. 1917ರಲ್ಲಿ ಮ್ಯೂನಿಕ್ಕಿನಲ್ಲಿ ಅವನು ಸ್ಥಾಪಿಸಿದ ಸಂಶೋಧನಾಲಯದಲ್ಲಿ ವಂಶಾವಳಿಗಳ ಅಭ್ಯಾಸಕ್ಕೆ ಒಂದು ವಿಭಾಗವೇ ಇದ್ದಿತು. 1926ರ ಅಕ್ಟೋಬರ್ 7ರಂದು ಕ್ರೇಪೆಲಿನನು ಕಾಲವಾದನು. ಕುಲವು ಕ್ಷೀಣಿಸುತ್ತಿದೆಯೆಂಬ ಮಾತನ್ನು ಅವನೂ ಆಡಿದ್ದನೆಂಬುದನ್ನು ನಾವು ಮರೆಮಾಚಲಾಗದು. ಆ ವಿಭಾಗವನ್ನು ನಡೆಸಿದ ಅರ್ನ್‌ಸ್ಟ್ ರೂಡಿನ್ನನು ಮುಂದೆ ನಾಜಿಗಳಿಗೆ ನೆರವಾದನು. 1933ರ ಕಾನೂನಿನಂತೆ ಈ ಎರಡು ರೋಗಗಳುಳ್ಳವರಿಗೂ ಮಕ್ಕಳಾಗದಂತೆ ಬಲಾತ್ಕಾರದ ಶಸ್ತ್ರಚಿಕಿತ್ಸೆಯಾಯಿತು. ಅರೆಬೆಂದ ವಿದ್ಯೆಯು ಅಧಿಕಾರದ ಕೈಸೇರಿದರೆ ಆಗುವ ಅನರ್ಥವಿದು.

ಈಗಿನ ತಿಳಿವಳಿಕೆ ಬೇರೆ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಛಿದ್ರಮನಸ್ಕತೆಗೆ ಸಂಬಂಧಪಟ್ಟ 287 ತಾಣಗಳನ್ನು ಮನುಷ್ಯನ ವಂಶವಾಹಿಗಳ ನಡುವೆ ಗುರುತಿಸಿತು. ಇಂಥ ಒಂದೊಂದು ತಾಣದ ಪ್ರಭಾವವೂ ಅತ್ಯಲ್ಪ. ಅನೇಕ ವಂಶವಾಹಿಗಳು ಎರಡು ರೋಗಗಳಿಗೂ ಸಮಾನವಾಗಿರುವುದರಿಂದ, ಕ್ರೇಪೆಲಿನನು ನಡುವೆ ಕಟ್ಟಿದ ಗೋಡೆಯೂ ಅಷ್ಟು ಗಟ್ಟಿಯಲ್ಲ. ತಂದೆತಾಯಿಗಳಲ್ಲೊಬ್ಬರಿಗೆ ಛಿದ್ರಮನಸ್ಕತೆ ಇದ್ದರೂ, ಅಂಥ ನೂರು ಮಕ್ಕಳಲ್ಲಿ ಸುಮಾರು 90 ಮಂದಿಗೆ ಅದು ಬರುವುದಿಲ್ಲ.

ನಮ್ಮ ಚೆನ್ನೈಯ ಕಿಲ್ಪಾಕಿನಲ್ಲಿ 1871ರಿಂದಲೂ ಮನೋರೋಗಿಗಳ ಆಸ್ಪತ್ರೆಯಿದೆ. ಆ ಹೆಸರನ್ನೇ ಬೈಗುಳವಾಗಿ ಆಡುವವರು ಇಲ್ಲಿ ಹಲವರು. ಮನೆಯಲ್ಲೊಬ್ಬ ರೋಗಿಯಿದ್ದರೆ ಆ ಮನೆಯ ಹೆಣ್ಣಿಗೆ ಸಂಬಂಧ ತಪ್ಪುವುದೂ ಉಂಟು. ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನ ಮನೆಯಲ್ಲಿಯೂ ಇಂಥ ನೋವಿರಬಹುದು. ರೋಗವು ಕುಲದ ಕಳಂಕವಲ್ಲ. ಔಷಧೋಪಚಾರದಿಂದ ಹಲವರು ಸುಧಾರಿಸಿ ಬಾಳುತ್ತಾರೆ. ಕ್ರೇಪೆಲಿನನ ತಾಳ್ಮೆಯನ್ನು ನಾವು ಕಲಿಯೋಣ, ಅವನ ಕಾಲದ ತಪ್ಪನ್ನು ತೊರೆಯೋಣ.