ಮಕ್ಕಳ ಕವಿ ಜಿ.ಪಿ. ರಾಜರತ್ನಂ

ತುತ್ತೂರಿ ಪದ್ಯ ಒಂದನೇ ಕ್ಲಾಸಿನವರಿಗೂ ಬಾಯಿಪಾಠ. ಅದನ್ನು ಬರೆದ ಜಿ.ಪಿ. ರಾಜರತ್ನಂ ಹುಟ್ಟಿದ್ದು ಇಲ್ಲೇ ನಮ್ಮ ರಾಮನಗರದಲ್ಲಿ. ಚಿಕ್ಕಂದಿನಲ್ಲೇ ತಾಯಿ ಇಲ್ಲ, ಅಜ್ಜಿ ಸಾಕಿದರು. ತಂದೆ ಮೇಷ್ಟ್ರು. ಅವರ ಮೊದಲ ಹೆಸರು ರಾಜಯ್ಯಂಗಾರ್. ಸ್ಕೂಲಿನಲ್ಲಿದ್ದಾಗ ಗುಮಾಸ್ತರನ್ನು ಹಿಡಿದು ತಾವೇ ರಾಜರತ್ನಂ ಅಂತ ಬದಲಾಯಿಸಿಕೊಂಡರಂತೆ. ಎಂಥಾ ತುಂಟ ನೋಡಿ!

1931ರಲ್ಲಿ ಕನ್ನಡ ಎಂ.ಎ. ಪಾಸು ಮಾಡಿದರು. ಆದರೆ ಕೆಲಸ ಸಿಗಲಿಲ್ಲ. ಅಷ್ಟು ಓದಿದವರು ಶಿಶುವಿಹಾರದ ಪುಟ್ಟ ಮಕ್ಕಳಿಗೆ ಪಾಠ ಹೇಳಲು ಹೋದರು. ಅಲ್ಲಿನ ಪಾಠದ ಪುಸ್ತಕದಲ್ಲಿ ಗಡಿಯಾರದ ಮೇಲೆ ಒಂದು ಪದ್ಯ ಇತ್ತು. ಇಷ್ಟು ಚಿಕ್ಕ ಮಕ್ಕಳಿಗೆ ಇದು ಕಷ್ಟ ಅಂತ ಅವರಿಗೆ ಅನ್ನಿಸಿತು. ಬೇರೆಯವರಾಗಿದ್ದರೆ ಹತ್ತು ಸಲ ಬರೆಸುತ್ತಿದ್ದರೋ ಏನೋ. ಇವರು ತಾವೇ ಬೇರೆ ಪದ್ಯ ಕಟ್ಟಿದರು. ನಾಯಿಮರಿ, ತುತ್ತೂರಿ, ಎಲ್ಲಾ ಮಕ್ಕಳು ಕಂಡ ವಸ್ತುಗಳೇ. ಜಂಬದ ಹುಡುಗನ ತುತ್ತೂರಿ ಕೊಳಕ್ಕೆ ಬಿದ್ದು ಬಣ್ಣವೆಲ್ಲ ಹೋಗುತ್ತಲ್ಲ, ನಮ್ಮ ಚನ್ನಪಟ್ಟಣದ ಅರಗಿನ ಬಣ್ಣ ಆಗಿದ್ದರೆ ಅಷ್ಟು ಬೇಗ ಹೋಗ್ತಿರಲಿಲ್ಲ!

ಆಮೇಲೆ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬರೆದದ್ದನ್ನೇ ಅಚ್ಚು ಹಾಕಿಸಿದರು, ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಹೋಗಿ ಮಾರಿದರು. 1978ರಲ್ಲಿ ದೆಹಲಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಾರನೇ ವರ್ಷ, 1979ರಲ್ಲಿ, ತೀರಿಕೊಂಡರು.